ತಾನಾಗಿಯೇ ಒತ್ತುವ ಸೀಲು

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಚೆಕ್ಕಿಗೆ ಸಹಿ, ಸೀಲು ಬಿದ್ದ ಮೇಲೆಯೇ ಕ್ಯಾಷಿಯರ್ ಹಣ ಎಣಿಸುತ್ತಿದ್ದರು. ಯಾರೂ ಕೇಳದಿದ್ದರೂ ಸೀಲು ಹಗಲುರಾತ್ರಿ ತಾನಾಗಿಯೇ ಒತ್ತುತ್ತಾ ಹೋದರೆ? ಖಜಾನೆ ಖಾಲಿ!

ನನ್ನ ಪಕ್ಕದ ಕೌಂಟರಿನಲ್ಲಿದ್ದ ಗೆಳೆಯನ ರಕ್ತದಲ್ಲಿ ಆದದ್ದು ಇದೇ. ಕಾಯಿಲೆಯ ಹೆಸರು ಸಿ.ಎಂ.ಎಲ್. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುವ ಕ್ಯಾನ್ಸರ್.

ಆರೋಗ್ಯವಂತ ಜೀವಕೋಶ ತನ್ನಿಷ್ಟಕ್ಕೆ ಎರಡಾಗುವುದಿಲ್ಲ. ಹೊರಗಿನಿಂದ ಸಂದೇಶ ಬರಬೇಕು. ಅದನ್ನು ಒಳಗಿನ ಪ್ರೋಟೀನುಗಳು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಕೈನೇಸ್ ಎಂಬ ಬಗೆಯ ಪ್ರೋಟೀನು ಮುಂದಿನದರ ಮೇಲೆ ಫಾಸ್ಫೇಟ್ ಅಂಟಿಸುತ್ತದೆ. ಅದೇ ಸೀಲು. ಕೆಲಸ ಮುಗಿದ ಮೇಲೆ ಅದನ್ನು ಅಳಿಸುವ ಪ್ರೋಟೀನುಗಳೂ ಉಂಟು.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫೋರ್ಡ್ ಈ ರೋಗಿಗಳ ಕೋಶದಲ್ಲಿ ಒಂದು ಕ್ರೋಮೋಸೋಮ್ ಗಿಡ್ಡವಾಗಿರುವುದನ್ನು ಕಂಡರು. ಉಳಿದ ತುಂಡು ಎಲ್ಲಿಗೆ ಹೋಯಿತು? 1972ರಲ್ಲಿ ಪತ್ತೆ ಮಾಡಿದವರು ಷಿಕಾಗೋದ ಜಾನೆಟ್ ರೌಲಿ. ಕ್ರೋಮೋಸೋಮ್‌ಗಳ ಫೋಟೋ ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತಿದ್ದರಂತೆ. ಅಮ್ಮ ಕಾಗದದ ಗೊಂಬೆ ಆಡುತ್ತಿದ್ದಾಳೆಂದು ಮಕ್ಕಳು ಛೇಡಿಸುತ್ತಿದ್ದರಂತೆ! 9 ಮತ್ತು 22ನೆಯ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡಿದ್ದವು. ಅಲ್ಲಿ ಎರಡು ಜೀನ್ ಬೆಸೆದು ವಿಚಿತ್ರ ಕೈನೇಸ್ ಒಂದು ಹುಟ್ಟುತ್ತದೆಂದು ಆಮೇಲೆ ತಿಳಿಯಿತು. ಅದಕ್ಕೆ ಸಂದೇಶವೇ ಬೇಡ, ಒತ್ತುತ್ತಲೇ ಇರುತ್ತದೆ. ಕೋಶ ಹೆಚ್ಚುತ್ತದೆ. ಸಾಯುವ ಸರದಿ ಬಂದರೂ ಸಾಯದು.

ಸೀಲಿಗೆ ಶಾಯಿ ಬೇಕಲ್ಲ? ಕೈನೇಸ್‌ಗೆ ಫಾಸ್ಫೇಟ್ ಕೊಡುವುದು ಎ.ಟಿ.ಪಿ. ಅದು ಕೂರುವ ಕುಳಿಯಲ್ಲಿ ತಾನೇ ಹೋಗಿ ಕೂತುಬಿಡುತ್ತದೆ ಇಮ್ಯಾಟಿನಿಬ್ ಎಂಬ ಔಷಧ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲ ಕ್ಯಾನ್ಸರಿಗೂ ಇದು ಮದ್ದಲ್ಲ. ಒಂದೊಂದರಲ್ಲಿ ಕೆಟ್ಟಿರುವ ಸೀಲು ಒಂದೊಂದು.

ವಿದೇಶಿ ಕಂಪನಿಯ ಮಾತ್ರೆಗೆ ನಮ್ಮಲ್ಲಿ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. ಗುಮಾಸ್ತನ ಪಿಂಚಣಿಯಲ್ಲಿ ಆಗುವ ಮಾತೇ? 2013ರಲ್ಲಿ ಸುಪ್ರೀಂ ಕೋರ್ಟ್ ಆ ಕಂಪನಿಗೆ ಪೇಟೆಂಟ್ ನಿರಾಕರಿಸಿತು. ನಮ್ಮವರೇ ತಯಾರಿಸಿದ ಅಗ್ಗದ ಮಾತ್ರೆ ಉಳಿಯಿತು, ಗೆಳೆಯನೂ ಉಳಿದ.

ಚೆನ್ನಾಗಿದ್ದೇನಲ್ಲ ಎಂದು ಒಮ್ಮೆ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಿದ್ದ. ಕೆಲವೇ ತಿಂಗಳಲ್ಲಿ ಬಿಳಿಕಣಗಳ ಲೆಕ್ಕ ಮತ್ತೆ ಏರಿತು. ಆಗಿನಿಂದ ಕಾವಲು ಮೊಮ್ಮಗಳದು. ದಿನಾ ರಾತ್ರಿ ಊಟದ ಹೊತ್ತಿಗೆ ಮಾತ್ರೆ, ದೊಡ್ಡ ಲೋಟ ನೀರು ಇಟ್ಟು, ನುಂಗುವವರೆಗೂ ಎದುರಿಗೇ ನಿಲ್ಲುತ್ತಾಳೆ. ಆಮೇಲೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಟಿಕ್ ಹಾಕುತ್ತಾಳೆ.