ಒಂದಕ್ಷರದ ತಪ್ಪು ಎಲ್ಲಿದೆ?

ಸಾವಿರಾರು ಅಕ್ಷರಗಳ ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾದರೂ ಹಿಮೋಫಿಲಿಯಾದಂಥ ರಕ್ತಸ್ರಾವದ ರೋಗ ಬರಬಹುದು. ಆ ತಪ್ಪನ್ನು ಹುಡುಕುವುದು ಹೇಗೆ?

1988ರಲ್ಲಿ ಆಸ್ಟ್ರೇಲಿಯಾದ ರಿಚರ್ಡ್ ಕಾಟನ್ ಮತ್ತು ಸಂಗಡಿಗರು ಒಂದು ರಾಸಾಯನಿಕ ವಿಧಾನವನ್ನು ಪ್ರಕಟಿಸಿದರು. ಆರೋಗ್ಯವಂತರ ಡಿ.ಎನ್.ಎ. ಎಳೆಯ ತುದಿಗೆ ಗುರುತು ಹಚ್ಚಿ, ಅದನ್ನು ರೋಗಿಯ ಎಳೆಯೊಡನೆ ಜೋಡಿಸುತ್ತಾರೆ. 'ಎ'ಗೆ 'ಟಿ', 'ಜಿ'ಗೆ 'ಸಿ' ಜೋಡಿ. ತಪ್ಪಿರುವಲ್ಲಿ ಮಾತ್ರ ಜೋಡಿ ಕೂಡುವುದಿಲ್ಲ. ಹೀಗೆ ಜೊತೆ ತಪ್ಪಿದ 'ಸಿ'ಯನ್ನು ಹೈಡ್ರಾಕ್ಸಿಲಮೀನ್, 'ಟಿ'ಯನ್ನು ಆಸ್ಮಿಯಂ ಟೆಟ್ರಾಕ್ಸೈಡ್ ಮಾರ್ಪಡಿಸುತ್ತದೆ. ಬಳಿಕ ಪಿಪೆರಿಡೀನ್ ಸೇರಿಸಿ ಬಿಸಿಮಾಡಿದರೆ ಎಳೆ ಅಲ್ಲಿಯೇ ತುಂಡಾಗುತ್ತದೆ. ಗುರುತಿರುವ ತುಂಡಿನ ಉದ್ದವೇ ತಪ್ಪಿನ ಸ್ಥಾನವನ್ನು ತಿಳಿಸುತ್ತದೆ.

ಆಸ್ಮಿಯಂ ಸಂಯುಕ್ತ ವಿಷಕಾರಿಯಾದ್ದರಿಂದ ಮುಂದೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಕೆಗೆ ಬಂದಿತು. ಇಂದು ಅಕ್ಷರಗಳನ್ನು ನೇರವಾಗಿ ಓದುವ ಯಂತ್ರಗಳಿವೆ. ವಿಧಾನ ಯಾವುದೇ ಇರಲಿ, ಮನೆತನದ ತಪ್ಪು ಗೊತ್ತಾದರೆ, ರೋಗಿಯ ಅಕ್ಕತಂಗಿಯರು ರೋಗವಾಹಕರೇ ಎಂಬ ಪ್ರಶ್ನೆಗೆ ಖಚಿತ ಉತ್ತರ ದೊರೆಯುತ್ತದೆ.