ತಲೆಬರಹವೂ ಅದರ ಉಡುಗೆಯೂ

ಹಣೆಬರಹವನ್ನು ತಿದ್ದಬಲ್ಲವರಿಲ್ಲವೆಂದು ಹಿರಿಯರು ಹೇಳುತ್ತಾರೆ. ತಲೆಬರಹದ ಮಾತು ಹಾಗಲ್ಲ. ಬರೆದವರೇ ಅದನ್ನು ತಿದ್ದಬಹುದು, ತಪ್ಪಿದ್ದರೆ ತಿದ್ದಲೇಬೇಕು. ಈಗ ದೇವಸ್ಥಾನದ ಸಮಿತಿ, ಮಹಿಳಾ ಸಮಾಜ, ವಾಚನಾಲಯ, ಶಾಲೆ ಮೊದಲಾದ ಸಣ್ಣ ಸಂಸ್ಥೆಗಳು ಕೂಡ ತಮ್ಮವೇ ಆದ ಜಾಲತಾಣಗಳನ್ನು ಇಟ್ಟುಕೊಂಡಿವೆ. ಅವುಗಳ ಪುಟಗಳನ್ನು ಸಿದ್ಧಪಡಿಸುವವರು ಬಹುಮಟ್ಟಿಗೆ ನಮ್ಮ ನಿಮ್ಮ ಮನೆಗಳ ಮಕ್ಕಳೇ. ಒಮ್ಮೊಮ್ಮೆ ನಮ್ಮಂತಹ ನಿವೃತ್ತರೂ ಆ ಕೆಲಸಕ್ಕೆ ಕೈಹಾಕುವುದುಂಟು. ಆ ಪುಟಗಳ ತಲೆಬರಹಗಳಿಗೆ ಒಪ್ಪುವ ರೂಪವನ್ನು ಕೊಡುವುದು ಹೇಗೆ, ಹಾಗೆ ಕೊಡುವಾಗ ಮರೆಯಬಾರದುದು ಯಾವುದು ಎಂಬುದನ್ನು ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ. ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುವುದು ಮೇಲು.

ನಾವು ಬಹುಕಾಲ ಪಾಠ ಹೇಳಿದ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಜಾಲಪುಟ ಬೇಕಾಯಿತು. ಬರೆಯುವ ಭಾರ ನಮ್ಮ ಮೇಲೆ ಬಿದ್ದಿತು. ಶಾಲೆಯ ಚರಿತ್ರೆ, ದಾನಿಗಳ ಪಟ್ಟಿ, ವರ್ಷದ ಲೆಕ್ಕ, ಬಡ ಮಕ್ಕಳ ವಿದ್ಯಾರ್ಥಿವೇತನ, ಇಷ್ಟನ್ನೂ ಒಂದರ ಕೆಳಗೊಂದಾಗಿ ಬರೆದೆವು. ತಲೆಬರಹವಿರಬೇಕಾದೆಡೆಯಲ್ಲಿ ಸಾಲಿನ ಅಕ್ಷರಗಳನ್ನು ಹಿಗ್ಗಿಸಿ, ದಪ್ಪಮಾಡಿ, ಕೆಂಪುಬಣ್ಣವನ್ನು ಕೊಟ್ಟೆವು. ನೋಡಿದವರು ಚೆನ್ನಾಗಿದೆಯೆಂದರು, ನಮಗೂ ಹಾಗೆಯೇ ತೋರಿತು.

ಕೆಲವು ವಾರಗಳ ತರುವಾಯ ನಮ್ಮ ಹಳೆಯ ಶಿಷ್ಯರೊಬ್ಬರು ದೂರವಾಣಿಯಲ್ಲಿ ಮಾತನಾಡಿದರು. ನಡುವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡ ಅವರು, ಪರದೆಯ ಮೇಲಿನ ಬರಹವನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶದ ಸಹಾಯದಿಂದ ಓದತಕ್ಕವರು. "ಮೇಷ್ಟ್ರೇ, ತಮ್ಮ ಪುಟದಲ್ಲಿ ಒಂದು ತಲೆಬರಹವೂ ಇಲ್ಲವಲ್ಲ" ಎಂದರು. ನಮಗೆ ಆಶ್ಚರ್ಯವಾಯಿತು. ವಿಚಾರಿಸಲಾಗಿ ವಿಷಯ ತಿಳಿಯಿತು. ಉಚಿತವಾಗಿ ದೊರೆಯುವ ಎನ್.ವಿ.ಡಿ.ಎ. ಮುಂತಾದ ತಂತ್ರಾಂಶಗಳಲ್ಲಿ ಒಂದು ಕೀಲಿಯನ್ನು ಒತ್ತಿದರೆ ಧ್ವನಿಯು ಒಂದು ತಲೆಬರಹದಿಂದ ಮುಂದಿನ ತಲೆಬರಹಕ್ಕೆ ನೆಗೆಯುವುದು. ಕಣ್ಣುಳ್ಳವರು ಪುಟದ ಮೇಲೆ ದೃಷ್ಟಿಯನ್ನು ಹಾಯಿಸುವಂತೆ ಅವರು ಕಿವಿಯನ್ನು ಹಾಯಿಸುವ ಉಪಾಯವಿದು. ನಮ್ಮ ಪುಟದಲ್ಲಿ ಆ ಕೀಲಿ ಎಲ್ಲಿಗೂ ನೆಗೆಯಲಿಲ್ಲ. ದಾನಿಗಳ ಹೆಸರುಗಳನ್ನು ಬಹಳ ಹೊತ್ತು ಕೇಳಿ ಬೇಸತ್ತು ಅವರು ಬಿಟ್ಟುಬಿಟ್ಟಿದ್ದರು. ಕೊನೆಗೆ ಬೇರೊಬ್ಬರಿಂದ ವಿದ್ಯಾರ್ಥಿವೇತನದ ಸುದ್ದಿ ಅವರಿಗೆ ತಿಳಿಯುವ ವೇಳೆಗೆ, ಅವರ ಮಗಳು ಅರ್ಜಿ ಕೊಡಬೇಕಾಗಿದ್ದ ದಿನ ಕಳೆದುಹೋಗಿತ್ತು. ಅವರು ನಮ್ಮನ್ನು ದೂರಲಿಲ್ಲ. ದೂರಿದ್ದರೆ ನಮ್ಮ ಮನಸ್ಸು ಅಷ್ಟು ನೋಯುತ್ತಿರಲಿಲ್ಲವೇನೋ.

ತಪ್ಪಾದುದು ಎಲ್ಲಿ? ಜಾಲಪುಟವನ್ನು ಬರೆಯುವ ಎಚ್.ಟಿ.ಎಂ.ಎಲ್. ಎಂಬ ಸಂಕೇತಭಾಷೆಯಲ್ಲಿ ತಲೆಬರಹಕ್ಕೆಂದೇ ಆರು ಅಂತಸ್ತುಗಳು ಗೊತ್ತಾಗಿವೆ. ಅವುಗಳಿಗೆ ಎಚ್೧ ಮೊದಲ್ಗೊಂಡು ಎಚ್೬ರ ವರೆಗೆ ಹೆಸರು. ಗ್ರಂಥಕ್ಕೆ ಹೆಸರಿದ್ದಂತೆ ಎಚ್೧, ಅಧ್ಯಾಯಗಳಿದ್ದಂತೆ ಎಚ್೨, ಅಧ್ಯಾಯದೊಳಗಿನ ಪ್ರಕರಣಗಳಿದ್ದಂತೆ ಎಚ್೩. ನಾವು ಏನನ್ನೂ ಹೇಳದಿದ್ದರೆ ಪುಟವನ್ನು ತೋರಿಸುವ ಬ್ರೌಸರು ತಾನಾಗಿ ಎಚ್೧ನ್ನು ಸಾಧಾರಣ ಅಕ್ಷರದ ಇಮ್ಮಡಿಯಾಗಿಯೂ, ಎಚ್೨ನ್ನು ಒಂದೂವರೆಯಷ್ಟಾಗಿಯೂ, ಎಚ್೪ನ್ನು ಸಮವಾಗಿಯೂ, ಎಚ್೬ನ್ನು ಸುಮಾರು ಮೂರರಲ್ಲಿ ಎರಡು ಪಾಲಿನಷ್ಟಾಗಿಯೂ ತೋರಿಸುವುದು. ಇದರಿಂದ ಎರಡು ಬಗೆಯ ತಪ್ಪುಗಳು ಹುಟ್ಟುತ್ತವೆ. ಕೆಲವರು ಸಣ್ಣ ಅಕ್ಷರ ಬೇಕೆಂದು ಅಧ್ಯಾಯದ ಹೆಸರಿಗೆ ಎಚ್೫ನ್ನು ಕೊಡುವರು; ಇದು ಎತ್ತರ ಕಡಮೆಯೆಂದು ಹಿರಿಯಣ್ಣನನ್ನು ಕಿರಿಯವನೆಂದು ಕರೆದಂತೆ. ಬೇರೆ ಕೆಲವರು ನಮ್ಮಂತೆ ಅಂತಸ್ತನ್ನೇ ಕೊಡದೆ ಬರಿಯ ವೇಷವನ್ನು ಹಾಕುವರು. ಧ್ವನಿಯಿಂದ ಓದುವ ಯಂತ್ರ ವೇಷವನ್ನು ಕಾಣದು. ಅದು ಅಂತಸ್ತನ್ನೇ ಕೇಳುವುದು.

ಅಂತಸ್ತು ಒಂದೆಡೆ, ಉಡುಗೆ ಇನ್ನೊಂದೆಡೆ ಇರಬೇಕೆಂಬ ವಿಚಾರ ಈಚಿನದಲ್ಲ. ಜಾಲವು ಹುಟ್ಟಿದ ಜಿನೀವದ ಬಳಿಯ ಸರ್ನ್ ಸಂಶೋಧನಾಲಯದಲ್ಲಿಯೇ, ೧೯೯೪ನೆಯ ಅಕ್ಟೋಬರಿನಲ್ಲಿ, ನಾರ್ವೆ ದೇಶದ ಹೋಕನ್ ವಿಯುಮ್ ಲೀ ಎಂಬವರು ಇದಕ್ಕಾಗಿ ಒಂದು ಯೋಜನೆಯನ್ನು ಮುಂದಿಟ್ಟರು. ನೆದರ್ಲೆಂಡ್ಸಿನ ಬರ್ಟ್ ಬಾಸ್ ಅವರೊಡನೆ ಸೇರಿದರು. ೧೯೯೬ನೆಯ ಡಿಸೆಂಬರ್ ೧೭ರಂದು ಅದರ ಮೊದಲನೆಯ ಅಧಿಕೃತ ಪಾಠ ಹೊರಬಿದ್ದಿತು. ಇದೇ ಕ್ಯಾಸ್ಕೇಡಿಂಗ್ ಸ್ಟೈಲ್ ಷೀಟ್ಸ್; ಸಂಕ್ಷೇಪವಾಗಿ ಸಿ.ಎಸ್.ಎಸ್.

ಇದರ ಒಂದು ನಿಯಮವು ಸೂತ್ರದಂತೆ ಅಲ್ಪಾಕ್ಷರವುಳ್ಳದ್ದು. ಯಾವುದಕ್ಕೆ, ಯಾವ ಗುಣ, ಎಷ್ಟು ಎಂಬ ಮೂರೇ ಅಂಗಗಳು. ಉದಾಹರಣೆಗೆ:

ಎಚ್೨ { ಕಲರ್: ಮರೂನ್; ಫಾಂಟ್-ಸೈಜ್: ೧.೫ರೆಮ್; ಲೈನ್-ಹೈಟ್: ೧.೫; }

ಯಂತ್ರಕ್ಕೆ ಬರೆಯುವಾಗ ಇವೆಲ್ಲವನ್ನೂ ಇಂಗ್ಲಿಷ್ ಲಿಪಿಯಲ್ಲಿ, ಇಂಗ್ಲಿಷ್ ಅಂಕೆಗಳಲ್ಲಿ ಬರೆಯತಕ್ಕದ್ದು. ಇಲ್ಲಿ ಉಚ್ಚಾರಣೆಯನ್ನು ಮಾತ್ರ ಕೊಟ್ಟಿದ್ದೇವೆ. ಪುಟದಲ್ಲಿ ಎಷ್ಟು ಎಚ್೨ಗಳಿದ್ದರೂ ಈ ಒಂದೇ ಸಾಲಿನಿಂದ ಎಲ್ಲವೂ ಕಂದುಗೆಂಪಾಗಿ, ಮೂಲದ ಒಂದೂವರೆಯಷ್ಟು ಅಳತೆಯಲ್ಲಿ ಕಾಣುವುವು. ನಾಳೆ ಬಣ್ಣ ಬೇಡವಾದರೆ ಒಂದು ಪದವನ್ನು ತಿದ್ದಿದರೆ ಸಾಕು. ಅಳತೆಯನ್ನು ರೆಮ್ ಎಂಬ ಮಾನದಲ್ಲಿ ಹೇಳಿರುವುದಕ್ಕೂ ಕಾರಣವುಂಟು. ಮುಪ್ಪಿನ ಕಣ್ಣುಳ್ಳವರು ತಮ್ಮ ಬ್ರೌಸರಿನಲ್ಲಿ ಮೂಲ ಅಕ್ಷರದ ಅಳತೆಯನ್ನೇ ದೊಡ್ಡದಾಗಿ ಇಟ್ಟುಕೊಂಡಿರಬಹುದು. ರೆಮ್ ಆ ಇಷ್ಟವನ್ನು ಅನುಸರಿಸಿ ತಾನೂ ಬೆಳೆಯುವುದು. ಪಿಕ್ಸೆಲ್ ಎಂಬ ಮಾನದಲ್ಲಿ ಹೇಳಿದ್ದರೆ ಅದು ಅಲುಗದೆ ನಿಲ್ಲುವುದು.

ಬಣ್ಣದ ವಿಷಯದಲ್ಲಿಯೂ ಲೆಕ್ಕವುಂಟು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಾಂತಿಯ ಅಂತರ ಸಾಧಾರಣ ಬರಹದಲ್ಲಿ ೪.೫ಕ್ಕೆ ೧, ದೊಡ್ಡ ಅಕ್ಷರದಲ್ಲಿ ೩ಕ್ಕೆ ೧ ಎಂಬ ಪ್ರಮಾಣಕ್ಕೆ ಕಡಮೆಯಾಗಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ಅಪ್ಪಟ ಹಳದಿಯನ್ನು ಇಟ್ಟರೆ ಈ ಪ್ರಮಾಣ ೧.೧ನ್ನು ಕೂಡ ಮುಟ್ಟದು. ನಾವು ಹಚ್ಚಿದ್ದ ಅಪ್ಪಟ ಕೆಂಪು ಸುಮಾರು ೪ಕ್ಕೆ ೧. ದೊಡ್ಡಕ್ಷರಕ್ಕೆ ಸಾಕು, ಚಿಕ್ಕದಕ್ಕೆ ಸಾಲದು. ಮೇಲೆ ಹೇಳಿದ ಮರೂನ್ ಸುಮಾರು ೧೧ಕ್ಕೆ ೧.

ಒಂದೇ ತಲೆಬರಹಕ್ಕೆ ಎರಡು ನಿಯಮಗಳು ಬೇರೆ ಬೇರೆ ಬಣ್ಣವನ್ನು ವಿಧಿಸಿದರೆ ಗೆಲ್ಲುವುದು ಯಾವುದು? ಇಲ್ಲಿ ನಮಗೆ ಬಾಲ್ಯದಲ್ಲಿ ಓದಿದ ವ್ಯಾಕರಣ ನೆನಪಿಗೆ ಬಂದಿತು. ಸಮಾನಬಲವುಳ್ಳ ಎರಡು ವಿಧಿಗಳು ಒಂದೆಡೆ ತಾಕಲಾಡಿದರೆ ಮುಂದೆ ಬಂದುದೇ ಪ್ರವರ್ತಿಸುವುದೆಂದು ಪಾಣಿನಿಯ ಅಷ್ಟಾಧ್ಯಾಯಿಯ ಒಂದು ಸೂತ್ರಕ್ಕೆ ಪರಂಪರೆಯ ವೈಯಾಕರಣರು ಅರ್ಥ ಹೇಳುತ್ತಾರೆ. ಉತ್ಸರ್ಗವೆಂಬ ಸಾಮಾನ್ಯ ವಿಧಿಯನ್ನು ಅಪವಾದವೆಂಬ ವಿಶೇಷ ವಿಧಿ ಬಾಧಿಸುವುದೆಂಬುದೂ ಅವರ ನಿಯಮ. ಸಿ.ಎಸ್.ಎಸ್. ನಡೆಯುವುದೂ ಬಹುಮಟ್ಟಿಗೆ ಹೀಗೆಯೇ. ಎಲ್ಲ ಎಚ್೨ಗಳೂ ಮರೂನ್ ಎಂಬುದು ಸಾಮಾನ್ಯ. ಅವುಗಳಲ್ಲಿ 'ಸೂಚನೆ' ಎಂಬ ವರ್ಗದ ಗುರುತು ಪಡೆದವು ಹಸುರು ಎಂಬುದು ವಿಶೇಷ. ವಿಶೇಷವನ್ನು ಮೇಲೆ ಬರೆದಿದ್ದರೂ ಕೆಳಗೆ ಬರೆದಿದ್ದರೂ ಅದೇ ಗೆಲ್ಲುವುದು. ಎರಡೂ ಸಮಬಲವಾಗಿದ್ದರೆ ಕೊನೆಯಲ್ಲಿ ಬರೆದುದೇ ಪ್ರಮಾಣ. "ಬಣ್ಣವನ್ನು ಬದಲಿಸಿದೆ, ಬದಲಾಗಲೊಲ್ಲದು" ಎಂದು ಮಕ್ಕಳು ಗೊಣಗುವಾಗ ಕಾರಣ ಸಾಮಾನ್ಯವಾಗಿ ಇವೆರಡರಲ್ಲಿ ಒಂದಾಗಿರುತ್ತದೆ.

ಕನ್ನಡದ ತಲೆಬರಹಗಳಿಗೆ ಬೇರೆಯೇ ಎಚ್ಚರಿಕೆ ಬೇಕು. ಸಿದ್ಧವಾಗಿ ದೊರೆಯುವ ಶೈಲಿಪಟ್ಟಿಗಳು ಬಹುಪಾಲು ಇಂಗ್ಲಿಷ್ ಅಕ್ಷರವನ್ನು ಕಣ್ಣಮುಂದಿಟ್ಟುಕೊಂಡು ಮಾಡಿದವು. ಅವುಗಳಲ್ಲಿ ತಲೆಬರಹದ ಸಾಲುಗಳ ಎತ್ತರ ೧.೧ ಅಥವಾ ೧.೨ ಎಂದಿರುವುದುಂಟು. 'ರಾಷ್ಟ್ರ', 'ಸ್ತ್ರೀ', 'ಶಾಸ್ತ್ರ' ಎಂಬ ಮಾತುಗಳ ಒತ್ತುಗಳು ಕೆಳಕ್ಕೆ ಇಳಿಯತಕ್ಕವು. ಗುಡಿಸು ಮೇಲಕ್ಕೆ ಏರತಕ್ಕದ್ದು. ಅಷ್ಟು ಕಿರಿದಾದ ಎಡೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಕಿ ಎರಡೂ ಕೆಡುತ್ತವೆ. ೧.೪ರಿಂದ ೧.೬ರ ವರೆಗೆ ಇಟ್ಟರೆ ಕ್ಷೇಮ. ಇನ್ನು ಅಕ್ಷರಗಳ ದಪ್ಪ. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಎಂಬ ಅಕ್ಷರವಿನ್ಯಾಸಗಳಲ್ಲಿ ತೆಳುವಿನಿಂದ ದಪ್ಪದ ವರೆಗೆ ಹಲವು ಮಟ್ಟಗಳುಂಟು. ಟೀರೋ ಕನ್ನಡದಲ್ಲಿ ದಪ್ಪಕ್ಷರವಿಲ್ಲ. ಆದರೂ ದಪ್ಪವಿರಲೆಂದು ವಿಧಿಸಿದರೆ ಬ್ರೌಸರು ಗೆರೆಗಳನ್ನು ತಾನೇ ಊದಿಸಿ ತೋರಿಸುವುದು. ಒತ್ತುಗಳ ಒಳಗಿನ ಸಣ್ಣ ಬಯಲುಗಳು ಮುಚ್ಚಿಹೋಗುವುವು. ಅಂತಹ ಅಕ್ಷರಕ್ಕೆ ದಪ್ಪವನ್ನು ಬಿಟ್ಟು, ಅಳತೆಯಿಂದಲೂ ಸುತ್ತಲಿನ ಬಯಲಿನಿಂದಲೂ ಗೌರವವನ್ನು ತರುವುದು ಲೇಸು. ಇಂಗ್ಲಿಷಿನಲ್ಲಿ ಎಲ್ಲವನ್ನೂ ದೊಡ್ಡಕ್ಷರವಾಗಿಸುವ ವಿಧಿ ಕನ್ನಡದಲ್ಲಿ ಏನನ್ನೂ ಮಾಡದು. ನಮ್ಮಲ್ಲಿ ಆ ಭೇದವೇ ಇಲ್ಲ.

ಈ ಪಾಠಗಳನ್ನು ಕಲಿತ ಮೇಲೆ ನಾವು ಸಂಘದ ಪುಟವನ್ನು ಒಂದು ಮಧ್ಯಾಹ್ನದಲ್ಲಿ ತಿದ್ದಿದೆವು. ಶಾಲೆಯ ಹೆಸರಿಗೆ ಎಚ್೧, ನಾಲ್ಕು ಭಾಗಗಳಿಗೆ ಎಚ್೨. ಬಣ್ಣ, ಅಳತೆಗಳೆಲ್ಲ ಶೈಲಿಪಟ್ಟಿಗೆ ಹೋದವು. ಕಣ್ಣಿಗೆ ಪುಟ ಬಹುಮಟ್ಟಿಗೆ ಮೊದಲಿನಂತೆಯೇ ಇತ್ತು. ಮೆಚ್ಚಿದ್ದವರಿಗೆ ಏನು ಬದಲಾಯಿತೆಂದು ತಿಳಿಯಲೇ ಇಲ್ಲ. ನಿಮ್ಮ ಮನೆಯವರು ಮಾಡಿದ ಪುಟ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಯಂತ್ರಜ್ಞರು ಬೇಕಾಗಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್, ಆಪಲ್ ಫೋನುಗಳಲ್ಲಿ ವಾಯ್ಸ್‌ಓವರ್ ಎಂಬ ಓದುವ ಸಾಧನಗಳು ಇವೆ. ಅದನ್ನು ನಡೆಸಿ, ಕಣ್ಣನ್ನು ಮುಚ್ಚಿಕೊಂಡು, ತಲೆಬರಹದಿಂದ ತಲೆಬರಹಕ್ಕೆ ಹೋಗಿ ನೋಡಿರಿ. ದಾರಿ ಸಿಕ್ಕಿದರೆ ಪುಟ ಸರಿ. ಸಿಕ್ಕದಿದ್ದರೆ ಮೊದಲು ಅಂತಸ್ತನ್ನು ಕೊಟ್ಟು, ಆಮೇಲೆ ಉಡುಗೆಯನ್ನು ತೊಡಿಸಿರಿ.

ನಮ್ಮ ಶಿಷ್ಯರಿಗೆ ತಿದ್ದಿದ ಪುಟದ ವಿಷಯವನ್ನು ತಿಳಿಸಿದೆವು. ಕೀಲಿಯ ನಾಲ್ಕು ಒತ್ತಿಗೆ ವಿದ್ಯಾರ್ಥಿವೇತನದ ಭಾಗ ಸಿಕ್ಕಿತೆಂದು ಅವರು ಹೇಳಿದರು. ಮರುವರ್ಷ ಅವರ ಮಗಳ ಅರ್ಜಿ ಗಡುವಿಗೆ ಎಂಟು ದಿನ ಮೊದಲೇ ನಮ್ಮ ಕೈಸೇರಿತು.