ಗಿಯರ್ ಪೆಟ್ಟಿಗೆಗೂ ಜ್ವರ ಬರುತ್ತದೆ!

ಕುದಿಯುವ ಹಾಲನ್ನು ಮಗುವಿಗೆ ಕುಡಿಸುವ ಮೊದಲು ತಾಯಿ ಅದನ್ನು ಅಗಲವಾದ ತಟ್ಟೆಗೆ ಸುರಿದು ಆರಿಸುತ್ತಾಳೆ. ಹಾಲಿನ ಪ್ರಮಾಣ ಬದಲಾಗಿಲ್ಲ. ಗಾಳಿಗೆ ತೆರೆದುಕೊಂಡ ಮೇಲ್ಮೈ ಮಾತ್ರ ಹೆಚ್ಚಿತು, ಹಾಲು ಬೇಗ ಆರಿತು. ಅಡುಗೆಮನೆಯ ಇದೇ ವಿಜ್ಞಾನವನ್ನು ನಂಬಿ ಅಮೆರಿಕದಲ್ಲಿ ಎಷ್ಟೋ ಜನ ತಮ್ಮ ಹಳೆಯ ಪಿಕಪ್ ಟ್ರಕ್ಕುಗಳ ಆಯುಷ್ಯವನ್ನು ಹೆಚ್ಚಿಸಿಕೊಂಡಿದ್ದಾರೆ.

ಅಲ್ಲಿ ಪಿಕಪ್ ಟ್ರಕ್ ಎಂದರೆ ರೈತನಿಗೆ ಜೋಡೆತ್ತಿನಂತೆ. ಕುದುರೆಗಳನ್ನು ತುಂಬಿದ ಟ್ರೈಲರ್, ದೋಣಿ, ಹುಲ್ಲಿನ ಹೊರೆ ಎಲ್ಲವನ್ನೂ ಅದೇ ಎಳೆಯಬೇಕು. ಇಪ್ಪತ್ತು ವರ್ಷ ಕಳೆದರೂ ಎಂಜಿನ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ಅದರ ಬೆನ್ನಿಗಿರುವ ಆಟೊಮ್ಯಾಟಿಕ್ ಗಿಯರ್ ಪೆಟ್ಟಿಗೆ ಸುಟ್ಟುಹೋಗಿ ಗಾಡಿ ಮೂಲೆ ಸೇರುತ್ತದೆ. ಇದಕ್ಕೆ ಮುಖ್ಯ ಕಾರಣ ಒಂದೇ: ಶಾಖ.

ಎರಡು ಫ್ಯಾನುಗಳ ಆಟ

ಈ ಶಾಖ ಎಲ್ಲಿಂದ ಬಂತು? ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಗಳೂ ತಿರುಗುತ್ತವೆ, ಆದರೆ ತುಸು ನಿಧಾನವಾಗಿ. ಆಟೊಮ್ಯಾಟಿಕ್ ಗಾಡಿಯ 'ಟಾರ್ಕ್ ಕನ್ವರ್ಟರ್' ಕೂಡ ಹೀಗೆಯೇ. ಅಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ ಒಂದು ಚಕ್ರವನ್ನು ತಿರುಗಿಸುತ್ತದೆ, ಅದು ಚಿಮ್ಮಿಸಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಎರಡರ ವೇಗದ ನಡುವಿನ ವ್ಯತ್ಯಾಸವೇ 'ಜಾರು'. ಆ ಜಾರಿನಲ್ಲಿ ಕಳೆದುಹೋದ ಶಕ್ತಿಯೆಲ್ಲ ಶಾಖವಾಗಿ ಎಣ್ಣೆಯನ್ನು ಸೇರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಓಡುವಾಗ ಒಂದು ಕ್ಲಚ್ ಎರಡನ್ನೂ ಬಿಗಿದು ಜಾರನ್ನು ತಪ್ಪಿಸುತ್ತದೆ. ಭಾರ ಎಳೆದುಕೊಂಡು ಏರು ಹತ್ತುವಾಗ ಆ ಬಿಗಿತ ಸಡಿಲಗೊಂಡರೆ ಶಾಖದ ಸುರಿಮಳೆಯೇ ಸರಿ.

ಎಷ್ಟು ಶಾಖ? ಒಂದು ಲೆಕ್ಕ ಮಾಡೋಣ. ಎಳೆಯುವ ಶಕ್ತಿಯನ್ನು ಅಳೆಯಲು ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ 2008ರಲ್ಲಿ ಒಂದು ಮಾನಕವನ್ನು ಪ್ರಕಟಿಸಿತು. ಅದಕ್ಕೆ ಮಾದರಿಯಾದದ್ದು ಅರಿಜೋನಾ ರಾಜ್ಯದ ಡೇವಿಸ್ ಅಣೆಕಟ್ಟಿನ ಬಳಿಯ ಏರು. ಸುಮಾರು 19 ಕಿಲೋಮೀಟರ್ ದೂರದಲ್ಲಿ ರಸ್ತೆ 900 ಮೀಟರ್‌ನಷ್ಟು ಮೇಲೇರುತ್ತದೆ. ಬಿಸಿಲು 38 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆ ಇರಬಾರದು, ಏರ್ ಕಂಡೀಷನರ್ ಪೂರ್ತಿ ಚಾಲೂ ಇರಬೇಕು! ಟ್ರಕ್ಕು ಮತ್ತು ಟ್ರೈಲರ್ ಸೇರಿ 7 ಟನ್ ಎಂದಿಟ್ಟುಕೊಳ್ಳಿ. 7000 × 9.8 × 900, ಅಂದರೆ ಸುಮಾರು 6 ಕೋಟಿ 20 ಲಕ್ಷ ಜೂಲ್. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಹತ್ತಲು ಬೇಕಾದ ಸಮಯ ಸುಮಾರು 18 ನಿಮಿಷ. ಭಾಗಿಸಿದರೆ 58 ಕಿಲೋವಾಟ್‌ನಷ್ಟು. ಗಾಳಿಯ ತಡೆ, ಚಕ್ರಗಳ ಘರ್ಷಣೆ ಸೇರಿಸಿದರೆ 80 ಕಿಲೋವಾಟ್ ದಾಟುತ್ತದೆ. ಇದರ ಹತ್ತರಲ್ಲೊಂದು ಪಾಲು ಗಿಯರ್ ಪೆಟ್ಟಿಗೆಯಲ್ಲಿ ಪೋಲಾದರೂ 8 ಕಿಲೋವಾಟ್. ಅಂದರೆ ಒಂದು ಕಿಲೋವಾಟ್‌ನ ಎಂಟು ಇಸ್ತ್ರಿಪೆಟ್ಟಿಗೆಗಳನ್ನು ಆ ಎಣ್ಣೆಯಲ್ಲಿ ಅದ್ದಿಟ್ಟಂತೆ!

ಎಣ್ಣೆ ಸುಮಾರು 80 ಡಿಗ್ರಿಯಲ್ಲಿದ್ದರೆ ಸುಖವಾಗಿರುತ್ತದೆ. ಅಲ್ಲಿಂದ ಮೇಲೆ ಪ್ರತಿ 11 ಡಿಗ್ರಿಗೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಗ್ಯಾರೇಜುಗಳಲ್ಲಿ ಬಹುಕಾಲದಿಂದ ನಡೆದುಬಂದ ಸ್ಥೂಲ ಲೆಕ್ಕ. 1 ಲಕ್ಷ 60 ಸಾವಿರ ಕಿಲೋಮೀಟರ್ ಬಾಳಬೇಕಾದ ಎಣ್ಣೆ 113 ಡಿಗ್ರಿಯಲ್ಲಿ 20 ಸಾವಿರಕ್ಕೇ ಮುಗಿಯುತ್ತದೆ. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ ಎಂಬ ಅರ್‍ಹೀನಿಯಸ್ ನಿಯಮದ ಪಾಠ ಇಲ್ಲಿ ಕಣ್ಣಿಗೆ ಕಾಣುತ್ತದೆ.

ದೊಡ್ಡ ತಟ್ಟೆ, ಅಗಲ ಕೊಳವೆ

ಹಳೆಯ ಟ್ರಕ್ಕುಗಳಲ್ಲಿ ಬಿಸಿ ಎಣ್ಣೆ ಸಾಮಾನ್ಯವಾಗಿ ಮೊದಲು ರೇಡಿಯೇಟರ್‌ನೊಳಗಿನ ಪುಟ್ಟ ಕೊಳವೆಯ ಮೂಲಕ ಹರಿದು ನೀರಿಗೆ ಶಾಖ ಕೊಡುತ್ತದೆ. ಕೆಲವದರಲ್ಲಿ ಬಳಿಕ ಮುಂಭಾಗದಲ್ಲಿ ಗಾಳಿಗೊಡ್ಡಿದ ಸಣ್ಣ ಕೂಲರ್‌ಗೂ ಹೋಗುತ್ತದೆ. ಈ ಕೂಲರ್ ಅನ್ನು ದೊಡ್ಡದಾಗಿಸುವುದೇ ಸುಧಾರಣೆಯ ಮೊದಲ ಹೆಜ್ಜೆ. 1999ರಿಂದ 2003ರವರೆಗಿನ ಫೋರ್ಡ್ ಸೂಪರ್ ಡ್ಯೂಟಿ ಟ್ರಕ್ಕುಗಳ 7.3 ಲೀಟರ್ ಡೀಸೆಲ್ ಮಾದರಿಯ ಮಾಲೀಕರು ಒಂದು ಜಾಣ ಉಪಾಯ ಕಂಡುಕೊಂಡರು. ಅದೇ ಕಂಪನಿಯ ಮುಂದಿನ 6.0 ಲೀಟರ್ ಮಾದರಿಗೆ ಬಂದ 31 ಸಾಲುಗಳ ದೊಡ್ಡ ಕೂಲರ್ ಅನ್ನು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ತಮ್ಮ ಹಳೆಯ ಗಾಡಿಗೆ ಕೂರಿಸಿದರು. ಸಾಲು ಹೆಚ್ಚಿದಷ್ಟೂ ಗಾಳಿ ತಾಗುವ ಮೇಲ್ಮೈ ಹೆಚ್ಚು. ತಾಯಿಯ ತಟ್ಟೆಯ ತತ್ವವೇ!

ಎರಡನೆಯದು ಕೊಳವೆ. ನೆತ್ತರಿನ ಹರಿವನ್ನು ಅರಿಯಹೊರಟ ಫ್ರೆಂಚ್ ವೈದ್ಯ ಪ್ವಾಜೇಯ್, ಶಾಂತವಾಗಿ ಹರಿಯುವ ದ್ರವದ ಪ್ರಮಾಣ ಕೊಳವೆಯ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ ಎಂದು ತೋರಿಸಿದ. ಒಳವ್ಯಾಸ 3/8 ಅಂಗುಲದಿಂದ 1/2 ಅಂಗುಲಕ್ಕೆ ಏರಿದರೆ, ಅಷ್ಟೇ ಒತ್ತಡದಲ್ಲಿ ಮೂರು ಪಟ್ಟಿಗೂ ಹೆಚ್ಚು ದ್ರವ ಹರಿಯಬಲ್ಲದು. ಆದರೆ ಎಚ್ಚರ: ದಾರಿಯಲ್ಲಿ ಒಂದು ಇಕ್ಕಟ್ಟಾದ ಜೋಡಣೆ ಉಳಿದರೂ ಲಾಭ ಸೋರಿಹೋಗುತ್ತದೆ.

ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವ ಉತ್ತರದ ರಾಜ್ಯಗಳಲ್ಲಿ ಉಕ್ಕಿನ ಕೊಳವೆಗಳು ತುಕ್ಕು ಹಿಡಿದು ತೂತಾಗುತ್ತವೆ. ಸೋರಿದ ಎಣ್ಣೆ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿಯ ಅಪಾಯ. ಆದ್ದರಿಂದ ಅನೇಕರು ತುಕ್ಕು ತಡೆಯುವ ತಾಮ್ರ–ನಿಕ್ಕಲ್ ಮಿಶ್ರಲೋಹದ ಕೊಳವೆ ಹಾಕಿಸುತ್ತಾರೆ. ನಡುವೆ ಬರುವ ರಬ್ಬರ್ ಕೊಳವೆಯೂ ಬಿಸಿ ಎಣ್ಣೆಯ ಒತ್ತಡ ತಡೆಯುವಂಥದೇ ಆಗಿರಬೇಕು. ಕೈಗೆ ಸಿಕ್ಕಿದ ಪೈಪ್ ಸಲ್ಲದು.

ಅತಿಯಾದರೆ ತಂಪೂ ಕೆಡುಕು

ಹಾಗಾದರೆ ರೇಡಿಯೇಟರ್‌ನೊಳಗಿನ ಕೊಳವೆ ಬೇಡವೇ? ಅವಸರ ಬೇಡ. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ಊರಿನಲ್ಲಿ ಎಣ್ಣೆ ಜೋನಿಬೆಲ್ಲದಂತೆ ಗಟ್ಟಿಯಾಗುತ್ತದೆ. ಎಂಜಿನ್ನಿನ ಬಿಸಿನೀರು ಆಗ ಅದನ್ನು ಬೆಚ್ಚಗಾಗಿಸುತ್ತದೆ. ಆದರೆ ಆ ಕೊಳವೆಯೇ ಒಡೆದರೆ ರೇಡಿಯೇಟರ್ ದ್ರವ ಎಣ್ಣೆಗೆ ಬೆರೆತು, ಕೆಂಪೆಣ್ಣೆ ಗುಲಾಬಿ ಬಣ್ಣದ ನೊರೆಹಾಲಿನಂತಾಗಿ, ಕ್ಲಚ್ ಪದರಗಳ ಅಂಟು ಬಿಟ್ಟು ಗಿಯರ್ ಪೆಟ್ಟಿಗೆ ಹಾಳಾಗುತ್ತದೆ. ಅದಕ್ಕೆ ಹಳೆಯ ರೇಡಿಯೇಟರ್ ಬದಲಿಸುವುದು, ಇಲ್ಲವೇ ತಣ್ಣಗಿರುವಾಗ ಎಣ್ಣೆಯನ್ನು ಕೂಲರ್‌ಗೆ ಕಳಿಸದ ಥರ್ಮೋಸ್ಟ್ಯಾಟ್ ಕವಾಟ ಅಳವಡಿಸುವುದು ರೂಢಿ.

ಇನ್ನೊಂದು ಪಾಠ ಕೈಸುಟ್ಟುಕೊಂಡವರಿಂದ ಬಂದದ್ದು. ಗಿಯರ್ ಪೆಟ್ಟಿಗೆ ಸುಟ್ಟಾಗ ಅದರ ಲೋಹದ ಪುಡಿ ಕೂಲರ್‌ನ ಸಂದುಗಳಲ್ಲಿ ಅವಿತು ಕೂರುತ್ತದೆ. ಸಾಲ ಮಾಡಿ ಹೊಸ ಪೆಟ್ಟಿಗೆ ಹಾಕಿಸಿ, ಉಳಿತಾಯಕ್ಕೆಂದು ಹಳೆಯ ಕೂಲರ್ ಉಳಿಸಿಕೊಂಡವನಿಗೆ ಆ ಪುಡಿಯೇ ಹೊಸದನ್ನೂ ತಿಂದುಹಾಕುತ್ತದೆ.

ನಮ್ಮ ಊರುಗಳಲ್ಲೂ ಈಗ ಆಟೊಮ್ಯಾಟಿಕ್ ಕಾರುಗಳು ಓಡಾಡುತ್ತಿವೆ. ಎಂಜಿನ್ ಆಯಿಲ್ ಬದಲಿಸಲು ಮರೆಯದ ಮನೆಯವರು ಗಿಯರ್ ಪೆಟ್ಟಿಗೆಯ ಎಣ್ಣೆಯನ್ನು ನೆನೆಯುವುದೇ ಅಪರೂಪ. ಮುಂದಿನ ಬಾರಿ ಸರ್ವೀಸಿಗೆ ಹೋದಾಗ ಮಕ್ಕಳು ಆ ಎಣ್ಣೆಯ ಬಣ್ಣ ತೋರಿಸಲು ಕೇಳಲಿ. ಕೆಂಪಗಿರಬೇಕಾದ ಎಣ್ಣೆ ಕಪ್ಪಾಗಿ ಸೀದ ವಾಸನೆ ಹೊಡೆಯುತ್ತಿದ್ದರೆ, ಅದು ಒಳಗಿನ ಜ್ವರದ ಸುದ್ದಿಯನ್ನೇ ಹೇಳುತ್ತಿದೆ.